ಹೋಟನ್ನಿನ ಹಿಮದಲ್ಲಿ ಒದ್ದೆಯಾಗದೆ ಓಡಾಡಿದ್ದು

ಮೊದಲ ಚಳಿಗಾಲದಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ ಚಳಿಗೆ ಹೆದರಿ ನೀರನ್ನು ಮರೆತದ್ದು. ಸ್ನಾತಕೋತ್ತರ ಪದವಿಗಾಗಿ ತೀರ್ಥಹಳ್ಳಿಯ ಕಡೆಯಿಂದ ಅಮೆರಿಕದ ಹೋಟನ್ ಊರಿನಲ್ಲಿರುವ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಹೋದಾಗ ದಪ್ಪನೆಯ ಜಾಕೆಟ್ಟನ್ನು ಕೊಂಡೊಯ್ದಿದ್ದೆ. ಕಾಲಿಗೆ ಮಾತ್ರ ಊರಿನ ಕ್ಯಾನ್ವಾಸ್ ಶೂ ಮತ್ತು ಹತ್ತಿಯ ಕಾಲುಚೀಲ. ಮೊದಲ ದೊಡ್ಡ ಹಿಮ ಬಿದ್ದ ದಿನ ಹತ್ತು ನಿಮಿಷ ನಡೆದು ತರಗತಿ ತಲುಪುವಷ್ಟರಲ್ಲಿ ಶೂ ಒಳಗೆ ಹೊಕ್ಕ ಹಿಮ ಕರಗಿ, ಪಾಠ ಮುಗಿಯುವವರೆಗೂ ಬೆರಳುಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ.

ಹೋಟನ್ ಇರುವುದು ಲೇಕ್ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪದ ಮೇಲೆ. ಕೆನಡಾದ ಕಡೆಯಿಂದ ಬರುವ ಒಣ ಶೀತಗಾಳಿ ತನಗಿಂತ ಬೆಚ್ಚಗಿರುವ ಸರೋವರದ ಮೇಲೆ ಹಾಯುತ್ತಾ ತೇವವನ್ನು ಹೀರಿಕೊಂಡು, ಇಲ್ಲಿಯ ಗುಡ್ಡಗಳನ್ನು ಏರುವಾಗ ಅದನ್ನು ಹಿಮವಾಗಿ ಸುರಿಸುತ್ತದೆ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗ ನಮ್ಮಲ್ಲಿ ಮಳೆ ಹಿಡಿಯುವುದಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ಸಾಧಾರಣ ವರ್ಷವೊಂದರಲ್ಲಿ ಇಲ್ಲಿ 200 ಇಂಚು, ಅಂದರೆ ಸುಮಾರು 5 ಮೀಟರ್ ಹಿಮ ಬೀಳುತ್ತದೆ. 1978–79ರ ಚಳಿಗಾಲದಲ್ಲಿ ಕೀವಿನಾದಲ್ಲಿ ಬಿದ್ದ 390.4 ಇಂಚಿನ ದಾಖಲೆಯನ್ನು ರಸ್ತೆ ಬದಿಯಲ್ಲಿ ಎತ್ತರದ ಅಳತೆಗೋಲಾಗಿಯೇ ನಿಲ್ಲಿಸಿದ್ದಾರೆ. ಈ ಹಿಮವೂ ಒಂದು ಬಗೆಯ ಮಳೆಗಾಲವೇ ಎಂದು ಮನಸ್ಸಿಗೆ ಹೊಳೆದ ಮೇಲೆ ನನಗೆ ದಾರಿ ಕಂಡಿತು.

ಅಜ್ಜ ಸುರಿಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಕಸಿಯುತ್ತದೆ. ಹೀಗಾಗಿ ಹತ್ತಿಯ ಕಾಲುಚೀಲಗಳನ್ನು ಪೆಟ್ಟಿಗೆಗೆ ಸೇರಿಸಿ, ಉಣ್ಣೆಯ ನಾಲ್ಕು ಜೊತೆಗಳನ್ನೂ ಮೊಣಕಾಲಿನ ಸಮೀಪದವರೆಗೆ ಬರುವ, ನೀರು ಒಳಬಿಡದ ಬೂಟನ್ನೂ ಕೊಂಡೆ. ಜಾಕೆಟ್ಟಿಗಿಂತ ಮೊದಲು ಬೂಟಿಗೆ ಹಣ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೈಗೆ ಅಂಟಿಕೊಳ್ಳುವ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಜಾಕೆಟ್ ಎಂದು ಮೂರು ಪದರ ಹಾಕುತ್ತಿದ್ದೆ. ತರಗತಿಯೊಳಗೆ ಹೀಟರ್ ಇರುವುದರಿಂದ ಕೂತ ತಕ್ಷಣ ಎರಡನ್ನು ಕಳಚದಿದ್ದರೆ ಬೆವರು ಬಂದು, ಮತ್ತೆ ಹೊರಗೆ ಕಾಲಿಟ್ಟಾಗ ಅದೇ ಬೆವರು ತಣ್ಣೀರಾಗುತ್ತಿತ್ತು. ಸಂಜೆ ಮನೆಗೆ ಬಂದು ಮಾಡುತ್ತಿದ್ದ ಮೊದಲ ಕೆಲಸ ಬೂಟಿನ ಒಳಪದರವನ್ನು ಹೊರತೆಗೆದು, ಹಳೆಯ ಪತ್ರಿಕೆಯ ಕಾಗದವನ್ನು ಒಳಗೆ ತುರುಕಿಡುವುದು. ಮಳೆಗಾಲದಲ್ಲಿ ಅಮ್ಮ ಬಚ್ಚಲೊಲೆಯ ಪಕ್ಕ ನಮ್ಮ ಶಾಲೆಯ ಬಟ್ಟೆ ಹರವುತ್ತಿದ್ದ ಅದೇ ಶ್ರದ್ಧೆ ಇಲ್ಲಿ ಬೇಕಾಗುತ್ತದೆ.

ಹೋಟನ್ ಪೂರ್ವ ಕಾಲವಲಯದ ಪಶ್ಚಿಮದ ಅಂಚಿನಲ್ಲಿರುವುದರಿಂದ ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಯವರೆಗೂ ಸೂರ್ಯ ಕಾಣುವುದಿಲ್ಲ, ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಎಂಟು ಗಂಟೆಯ ತರಗತಿಗೆ ಕತ್ತಲಲ್ಲಿ ಹೋಗಿ, ಲ್ಯಾಬು ಮುಗಿಸಿ ಕತ್ತಲಲ್ಲೇ ಮರಳುವ ದಿನಗಳು ಸಾಲಾಗಿ ಬಂದಾಗ ಮನಸ್ಸು ಕುಗ್ಗಿತು. ಮಧ್ಯಾಹ್ನದ ಊಟದ ನಂತರ ಹಿಮ ಬೀಳುತ್ತಿದ್ದರೂ ಅರ್ಧ ಗಂಟೆ ಕಾಲುವೆಯ ದಂಡೆಯಲ್ಲಿ, ಹೋಟನ್ ಮತ್ತು ಹ್ಯಾನ್‌ಕಾಕ್ ಊರುಗಳನ್ನು ಜೋಡಿಸುವ ಲಿಫ್ಟ್ ಬ್ರಿಜ್ ಕಾಣುವಷ್ಟು ದೂರ ನಡೆಯುವುದನ್ನು ರೂಢಿ ಮಾಡಿಕೊಂಡೆ. ಹಿಮದ ಕೆಳಗೆ ಗಾಜಿನಂತೆ ಹೆಪ್ಪುಗಟ್ಟಿದ ಪದರವಿರುತ್ತದೆ. ಹೆಜ್ಜೆಗಳನ್ನು ಚಿಕ್ಕದಾಗಿಸಿ, ಪಾದವನ್ನು ಸಮತಟ್ಟಾಗಿ ಊರಿ, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆದರೆ ಬೀಳುವುದು ಕಡಿಮೆ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ನಡೆದ ಕಾಲುಗಳಿಗೆ ಇದು ಬೇಗ ಒಲಿಯಿತು.

ಮನೆಯೊಳಗಿನ ತೊಂದರೆ ಇದಕ್ಕೆ ತದ್ವಿರುದ್ಧ. ಹೀಟರಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ತುಟಿ ಒಡೆಯುತ್ತದೆ, ಕೆಲವು ಬೆಳಿಗ್ಗೆ ಮೂಗಿನಿಂದ ರಕ್ತವೂ ಬರುತ್ತದೆ. ಒಗೆದ ಬಟ್ಟೆಗಳನ್ನು ಕೋಣೆಯೊಳಗೇ ಹರವಿದರೆ ಬಟ್ಟೆಯೂ ಒಣಗಿತು, ಗಾಳಿಗೂ ತೇವ ಸಿಕ್ಕಿತು. ದೋಸೆಹಿಟ್ಟು ಮಾತ್ರ ಎರಡು ದಿನವಾದರೂ ಹುಳಿ ಬರಲಿಲ್ಲ. ಕೊನೆಗೆ ಓವನ್ನನ್ನು ಬಿಸಿ ಮಾಡದೆ, ಅದರ ಒಳದೀಪವನ್ನಷ್ಟೇ ಹೊತ್ತಿಸಿ, ಪಾತ್ರೆಯನ್ನು ರಾತ್ರಿಯಿಡೀ ಅದರಲ್ಲಿಟ್ಟೆ. ಬೆಳಿಗ್ಗೆ ಹಿಟ್ಟು ಉಬ್ಬಿ ಮುಚ್ಚಳಕ್ಕೆ ತಾಗಿತ್ತು. ಆ ಭಾನುವಾರ ಕೋಣೆಯ ಗೆಳೆಯರೊಂದಿಗೆ ತಿಂದ ದೋಸೆಯ ರುಚಿ ಇಂದಿಗೂ ನೆನಪಿದೆ.

ಫೆಬ್ರವರಿಯಲ್ಲಿ, 1922ರಿಂದ ಇಲ್ಲಿ ನಡೆದುಬಂದಿರುವ ವಿಂಟರ್ ಕಾರ್ನಿವಲ್ ಬಂತು. ವಿದ್ಯಾರ್ಥಿಗಳು ಹಿಮದ ಬೃಹತ್ ಶಿಲ್ಪಗಳನ್ನು ಕಟ್ಟುತ್ತಾರೆ. ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸುವ ವಿಭಾಗವೂ ಇದೆ. ಲ್ಯಾಬಿನ ಸ್ನೇಹಿತರ ಜೊತೆ ಆ ರಾತ್ರಿ ನಾನೂ ಸಲಿಕೆ ಹಿಡಿದೆ. ಹಿಮಕ್ಕೆ ನೀರು ಬೆರೆಸಿ ಗಾರೆಯಂತೆ ಕಲಸಿ ಮೆತ್ತಬೇಕಾದ ಕೆಲಸವಾದ್ದರಿಂದ ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡೆ. ಬೆಳಗಿನ ಜಾವದವರೆಗೂ ಬೆರಳು ಒಣಗಿಯೇ ಇದ್ದವು, ಗೆಳೆಯರಿಬ್ಬರು ಅಂಗಡಿಗೆ ಹೋಗಿ ಅಂಥದೇ ಜೊತೆಗಳನ್ನು ತಂದರು.

ಏಪ್ರಿಲ್ ಬಂದರೂ ಕೆಲಸ ಮುಗಿಯಲಿಲ್ಲ. ಕರಗುವ ಹಿಮ, ರಸ್ತೆಗೆ ಹಾಕಿದ ಮರಳು ಸೇರಿ ಎಲ್ಲೆಡೆ ಕೆಸರು ತುಂಬಿತು. ವರ್ಷದಲ್ಲಿ ಕಾಲು ಹೆಚ್ಚು ನೆನೆಯುವ ತಿಂಗಳೆಂದರೆ ಅದೇ. ಕೊನೆಯ ಪರೀಕ್ಷೆ ಬರೆದು ಬಂದ ಸಂಜೆಯೂ ನಾನು ಬೂಟಿನೊಳಗೆ ಕಾಗದ ತುರುಕಿಯೇ ಮಲಗಿದೆ.