ಹೊಲಿಗೆ ಹಾಕಿದ ಗಾಯವನ್ನು ಮನೆಯಲ್ಲಿ ಕಾಯುವುದು

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ನಾವು ಕೈಕಾಲು ತೊಳೆಯದೆ ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ಸುಣ್ಣಕಟ್ಟು ರೋಗ ಒಳಹೊಕ್ಕರೆ ಬೆಳೆಯೇ ಕೈತಪ್ಪುತ್ತದೆ. ಅಷ್ಟು ಬಲ್ಲ ನಾನು ಅತ್ತೆಯವರ ಹರ್ನಿಯಾ ಆಪರೇಷನ್ನಿನ ಗಾಯದ ವಿಷಯದಲ್ಲಿ ತಪ್ಪು ಮಾಡಿದೆ.

ಒಂಬತ್ತನೆಯ ದಿನ ಗಾಯದ ಒಂದು ತುದಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಪಟ್ಟಿಯ ಮೇಲೆ ರೂಪಾಯಿ ನಾಣ್ಯದಷ್ಟು ಹಳದಿ ಕಲೆ. ಯಾವಾಗಲೋ ಜ್ವರಕ್ಕೆ ತಂದು ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಯನ್ನು ಎರಡು ದಿನ ಕೊಟ್ಟೆ. ಕಲೆ ಅಂಗೈಯಗಲವಾಯಿತು. ಆಸ್ಪತ್ರೆಯವರು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು; ಕೀವಿನಲ್ಲಿರುವುದು ಯಾವ ರೋಗಾಣು, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ ಅದು. ಮೂರು ದಿನಕ್ಕೆ ಬಂದ ವರದಿಯಲ್ಲಿ ಔಷಧಿಗಳ ಹೆಸರಿನ ಮುಂದೆ ಸಾಲಾಗಿ ‘ಆರ್’ ಅಕ್ಷರ; ಅಂದರೆ ಆ ಔಷಧಿಗೆ ಈ ರೋಗಾಣು ಬಗ್ಗುವುದಿಲ್ಲ. ನಾನು ಕೊಟ್ಟ ಮಾತ್ರೆಯ ಮುಂದೆಯೂ ಅದೇ. ‘ಎಸ್’, ಅಂದರೆ ಬಗ್ಗುತ್ತದೆ ಎಂದು ಇದ್ದದ್ದು ಕೆಲವೇ ಔಷಧಿಗಳಿಗೆ. ರೋಗಾಣುವಿನ ಹೆಸರು ಎಂ.ಆರ್.ಎಸ್.ಎ., ಅಂದರೆ ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್ಕಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. ಅದಕ್ಕೆ ಜಗ್ಗದ ಈ ತಳಿ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ಆರೋಗ್ಯವಂತರ ಮೂಗಿನಲ್ಲಿಯೂ ಇದು ಸದ್ದಿಲ್ಲದೆ ಇರಬಲ್ಲದು. ಅತ್ತೆಯವರ ಹೊಲಿಗೆ ಬಿಚ್ಚಿ ಗಾಯವನ್ನು ತೆರೆದಿಟ್ಟರು. ಆರು ವಾರ ದಿನಾ ಡ್ರೆಸಿಂಗ್. ಪಟ್ಟಿ ಕೀಳುವಾಗಲೆಲ್ಲ ಅವರು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದರು.

ನಿಮ್ಮ ಮನೆಯಲ್ಲಿ ಆಪರೇಷನ್ ಇದ್ದರೆ ಮೊದಲೇ ಸೋಪು ಹಚ್ಚಿ ಸ್ನಾನ ಮಾಡಿಸಿ. ಬ್ಲೇಡಿನಿಂದ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಮನೆ ಮಾಡುತ್ತದೆ. ಸೋಂಕು ತಡೆಯುವ ಆಂಟಿಬಯಾಟಿಕ್ಕನ್ನು ಕೊಯ್ಯುವ ಮೊದಲೇ ಕೊಡುತ್ತಾರೆ. ಆಮೇಲೆ ‘ಇನ್ನೊಂದಷ್ಟು ಬರೆದುಕೊಡಿ’ ಎಂದು ದುಂಬಾಲು ಬೀಳಬೇಡಿ.

ಪಟ್ಟಿ ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಳೆ, ಉಂಗುರ ತೆಗೆದಿಡಿ. ಅರಿಸಿನ, ಬೂದಿ, ಎಣ್ಣೆ ಏನನ್ನೂ ಗಾಯಕ್ಕೆ ಹಚ್ಚಬೇಡಿ. ನೋಡಲು ಬಂದವರು ಹಾಸಿಗೆಯ ಮೇಲೆ ಕೂರುವುದು ಬೇಡ. ನೆಂಟರು ಬೇಸರಿಸಿಕೊಂಡರೂ ಚಿಂತೆಯಿಲ್ಲ.

ಕೆಂಪು, ಬಿಸಿ, ಊತ, ಹೆಚ್ಚುವ ನೋವು, ಕೀವು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಪರೇಷನ್ ಮಾಡಿದವರ ಬಳಿ ಹೋಗಿ. 30 ದಿನ ಗಮನವಿಡಿ. ಹರ್ನಿಯಾಕ್ಕೆ ಹೊಟ್ಟೆಯ ಗೋಡೆಗೆ ಆಸರೆಯಾಗಿ ಬಲೆ (ಮೆಶ್) ಹಾಕಿದ್ದರೆ 90 ದಿನ. ಕೀವು ಇದ್ದರೆ ‘ಔಷಧಿ ಶುರುವಾಗುವ ಮೊದಲು ಕಲ್ಚರಿಗೆ ಕಳುಹಿಸುತ್ತೀರಾ?’ ಎಂದು ಕೇಳಿ. ಹಾಳೆಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಅವರು ಹೇಳಿದಷ್ಟು ದಿನ ಕೊಡಿ, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಕಲ್ಚರ್ ವರದಿಯನ್ನು ಎಸೆಯಬೇಡಿ. ಅತ್ತೆಯವರದು ಪಡಿತರ ಚೀಟಿಯ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿದೆ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸುತ್ತೇನೆ.