ಮಂಡಿ ಲೆಕ್ಕ ಬೇಡ, ಸೊಂಟದ ಲೆಕ್ಕ ಹೇಳಿ ಡಾಕ್ಟ್ರೇ!

ಸೊಂಟದ ಕೀಲು ಬದಲಾಯಿಸಬೇಕು ಅಂದ ಕೂಡಲೇ ನಮ್ಮ ಜನ ಮೊದಲು ವಿಚಾರಿಸುವುದು ಪ್ಯಾಕೇಜ್ ಎಷ್ಟು ಅಂತ. ಆಮೇಲೆ ಕೀಲು ಯಾವ ದೇಶದ್ದು ಅಂತ. ಆಪರೇಷನ್ ಮಾಡುವ ಕೈ ಯಾರದು ಎಂಬುದು ನೆನಪಾಗುವುದು ಅಡ್ಮಿಟ್ ಆದ ಮೇಲೆ. ಈ ಕ್ರಮ ಪೂರ್ತಿ ಉಲ್ಟಾ.

ಒಂದು ಎಚ್ಚರಿಕೆ: ಇಲ್ಲಿ ಹೇಳುತ್ತಿರುವುದೆಲ್ಲ ಮುಂಚೆಯೇ ದಿನ ಗೊತ್ತು ಮಾಡಿ ಮಾಡಿಸುವ ಆಪರೇಷನ್‌ಗೆ ಮಾತ್ರ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯನ್ನು ಡಾಕ್ಟರ್ ಹುಡುಕುತ್ತಾ ಊರೂರು ಸುತ್ತಿಸಬೇಡಿ. ಅಲ್ಲಿ ತಡವಾದಷ್ಟೂ ಅಪಾಯ ಜಾಸ್ತಿ.

1. ಆಪರೇಷನ್ ಬೇಕೇ ಬೇಕಾ ಅಂತ ಇನ್ನೊಬ್ಬ ಮೂಳೆ ಡಾಕ್ಟರನ್ನು ಕೇಳಿ. ಎಕ್ಸ್‌ರೇ, ಎಂಆರ್‌ಐ ಜೊತೆಗಿರಲಿ. ಅಷ್ಟೇ.

2. ಓದು, ತರಬೇತಿ ನೋಡಿ. ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಎಂಬ ಮೂಳೆ ಡಾಕ್ಟರ ಡಿಗ್ರಿ ಇದ್ದೇ ಇರುತ್ತದೆ. ಅದರ ಮೇಲೆ ಕೀಲು ಬದಲಾವಣೆಯಲ್ಲೇ ಫೆಲೋಶಿಪ್ (ಡಿಗ್ರಿ ನಂತರದ ವಿಶೇಷ ತರಬೇತಿ) ಆಗಿದೆಯಾ, ಎಷ್ಟು ತಿಂಗಳದ್ದು ಅಂತ ಕೇಳಿ. ನಾಲ್ಕು ದಿನ ನಿಂತು ನೋಡಿ ಬಂದ ಸರ್ಟಿಫಿಕೇಟಿಗೂ ಗೋಡೆ ಮೇಲೆ ಅದೇ ಫ್ರೇಮು. 1962ರಲ್ಲಿ ಈಗಿನ ಮಾದರಿಯ ಸೊಂಟದ ಕೀಲನ್ನು ರೂಪಿಸಿದ ಇಂಗ್ಲೆಂಡಿನ ಜಾನ್ ಚಾರ್ನ್ಲಿ, ಶುರುವಿನ ವರ್ಷಗಳಲ್ಲಿ ತನ್ನ ಬಳಿ ಬಂದು ಕಲಿಯದ ಸರ್ಜನ್‌ಗಳಿಗೆ ಅದನ್ನು ಮಾರಲು ಬಿಡುತ್ತಿರಲಿಲ್ಲ. ಆ ಬಿಗಿ ಈಗಿಲ್ಲ.

3. ಸಂಖ್ಯೆ ಕೇಳಿ. ಎಲ್ಲರೂ ಎಡವುವುದು ಇಲ್ಲೇ. ‘ಐದು ಸಾವಿರ ಕೀಲು ಬದಲಾಯಿಸಿದ್ದಾರೆ’ ಎಂಬ ಬೋರ್ಡ್ ನೋಡಿ ಕೈಮುಗಿದು ಬರುತ್ತಾರೆ. ನಮ್ಮಲ್ಲಿ ಕೀಲು ಆಪರೇಷನ್ ಅಂದರೆ ಬಹುಪಾಲು ಮಂಡಿ. ಆ ಐದು ಸಾವಿರದಲ್ಲಿ ಸೊಂಟದ್ದು ಎಷ್ಟು ಅಂತ ಬೋರ್ಡ್ ಹೇಳುವುದಿಲ್ಲ. ಹಾಗಾಗಿ ಹೀಗೆ ಕೇಳಿ: “ಡಾಕ್ಟ್ರೇ, ಕಳೆದ ಒಂದು ವರ್ಷದಲ್ಲಿ ಸೊಂಟದ ಕೀಲು ಮಾತ್ರ, ನೀವೇ ಎಷ್ಟು ಮಾಡಿದ್ರಿ?” ಸಂಕೋಚ ಬೇಡ. ಈ ಪ್ರಶ್ನೆಗೆ ಮುಖ ಗಂಟು ಹಾಕುವವರ ಹತ್ತಿರ ನಾನಂತೂ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ.

ಎಷ್ಟಿದ್ದರೆ ಸಾಕು? ಕೆನಡಾದ ಒಂಟಾರಿಯೊದ ರೋಗಿಗಳ ದಾಖಲೆ ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ 35 ಅಥವಾ ಅದಕ್ಕಿಂತ ಕಡಿಮೆ ಮಾಡುವ ಸರ್ಜನ್‌ಗಳ ರೋಗಿಗಳಲ್ಲಿ ಕೀಲು ಜಾರುವುದು, ಮತ್ತೆ ಬಿಚ್ಚಿ ಕೂರಿಸಬೇಕಾಗುವುದು ಜಾಸ್ತಿ ಕಂಡಿತ್ತು. 35 ದಾಟಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ. ಆದರೆ ತಿಂಗಳಿಗೆ ಒಂದೂ ಮಾಡದವರನ್ನು ಬಿಡಲು ಇಷ್ಟು ಲೆಕ್ಕ ಸಾಕು.

ಕೈ ಪಳಗಿರಬೇಕು ಯಾಕೆಂದರೆ, ಸೊಂಟದ ಬಟ್ಟಲನ್ನು (ತೊಡೆಮೂಳೆ ತುದಿಯ ಗುಂಡು ಕೂತು ತಿರುಗುವ ಭಾಗ) ಸುಮಾರು 40 ಡಿಗ್ರಿ ಓರೆಯಾಗಿ, 15 ಡಿಗ್ರಿ ಮುಂದಕ್ಕೆ ತಿರುಗಿಸಿ ಕೂರಿಸುವುದು ರೂಢಿ. ರೋಗಿ ಮಗ್ಗುಲಾಗಿ ಮಲಗಿರುತ್ತಾರೆ, ಮೈಮೇಲೆ ಹಸಿರು ಬಟ್ಟೆ, ಕೆಳಗೆ ಸೊಂಟ ಕೊಂಚ ವಾಲಿದ್ದರೂ ಮೇಲಿನಿಂದ ಕಾಣುವುದಿಲ್ಲ. ಅಂದಾಜು ತಪ್ಪಿದರೆ ಟೇಬಲ್ ಮೇಲೆ ಏನೂ ಗೊತ್ತಾಗದೇ ಹೋಗಬಹುದು. ಮನೆಗೆ ಬಂದು ತಗ್ಗಿನ ಕುರ್ಚಿಯಲ್ಲಿ ಕೂತು ಚಪ್ಪಲಿಗೆ ಬಗ್ಗಿದಾಗ ಗುಂಡು ಬಟ್ಟಲಿನಿಂದ ಹೊರಗೆ! ಕಾಲು ಉದ್ದ-ಗಿಡ್ಡ ಆಗುವುದೂ ಇಂಥದ್ದೇ ಅಂದಾಜಿನ ತಪ್ಪಿನಿಂದ.

ಇನ್ನೂ ಮೂರು ಕೇಳಬೇಕು. ಯಾವ ಕಡೆಯಿಂದ ಕೊಯ್ಯುತ್ತೀರಿ? ಮುಂದಿನಿಂದ ಮಾಡುವ ವಿಧಾನಕ್ಕೆ ಈಗ ಭಾರೀ ಪ್ರಚಾರ. ಆಸ್ಟ್ರೇಲಿಯಾದ ಕೀಲು ನೋಂದಣಿ ದಾಖಲೆಯ ಪ್ರಕಾರ, ಅದರಲ್ಲಿ ಹಳಬರ ಮಟ್ಟ ಮುಟ್ಟಲು ಕನಿಷ್ಠ 50 ಆಪರೇಷನ್ ಬೇಕು. ಹಿಂದಿನಿಂದ ಮಾಡಿ ಪಳಗಿದವರನ್ನು ‘ಮುಂದಿನಿಂದಲೇ ಮಾಡಿ’ ಅಂತ ಒತ್ತಾಯಿಸಬೇಡಿ. ಆಪರೇಷನ್ ಮಾಡುವವರು ನೀವೇನಾ? ಕಲಿಯುವ ಡಾಕ್ಟರ್ ಮಾಡಿದರೆ ಗಾಬರಿಯಾಗಬೇಕಿಲ್ಲ, ಆದರೆ ಹಿರಿಯರು ತಾವೂ ಆಪರೇಷನ್‌ಗೆ ಸಿದ್ಧರಾಗಿ ಪಕ್ಕದಲ್ಲೇ ನಿಂತಿರಬೇಕು. ಕೊನೆಗೆ, ನಿಮ್ಮ ಎಷ್ಟು ರೋಗಿಗಳಿಗೆ ಕೀಲು ಜಾರಿದೆ, ಸೋಂಕಾಗಿದೆ? ‘ಒಬ್ಬರಿಗೂ ಆಗಿಲ್ಲ’ ಎಂದರೆ ಒಂದೋ ಮಾಡಿರುವುದು ತೀರಾ ಕಡಿಮೆ, ಇಲ್ಲವೇ ಲೆಕ್ಕ ಇಟ್ಟಿಲ್ಲ.

ರೋಬಾಟ್ ಇದೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಅದನ್ನು ನಡೆಸುವ ಸರ್ಜನ್‌ಗೂ ಇದೇ ಪ್ರಶ್ನೆಗಳು. ಗೂಗಲ್ ಸ್ಟಾರ್ ನೋಡುವುದಂತೂ ಸುಮ್ನೆ ಟೈಮ್ ವೇಸ್ಟ್. ಪಾರ್ಕಿಂಗ್ ಚೆನ್ನಾಗಿದೆ ಅಂತ ಐದು ಸ್ಟಾರ್ ಕೊಟ್ಟಿರುತ್ತಾರೆ.

4. ಕೀಲಿನ ಕಂಪನಿ. ಹತ್ತು ವರ್ಷದ ಫಲಿತಾಂಶ ಇರುವ ಹಳೇ ಮಾದರಿಯೇ ವಾಸಿ. ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹಕ್ಕೆ ಲೋಹ ಉಜ್ಜುವ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಬೇಕಾಯಿತು. ಭಾರತದಲ್ಲೂ ಸಾವಿರಾರು ಜನರಿಗೆ ಅದನ್ನು ಹಾಕಿದ್ದರು. ಕೀಲೇ ಕೆಟ್ಟದ್ದಾದರೆ ಒಳ್ಳೇ ಸರ್ಜನ್ ಕೂಡ ಏನೂ ಮಾಡಲಾಗದು.

5. ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಮರೆಯಬೇಡಿ: ಕೀಲಿನ ಡಬ್ಬಿಯ ಮೇಲಿನ ಸ್ಟಿಕ್ಕರ್‌ಗಳನ್ನು ಫೈಲಿಗೆ ಅಂಟಿಸಿಕೊಡಲು ಹೇಳಿ. ಕಂಪನಿ, ಸೈಜು, ಲಾಟ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಮುಂದೆ ಆ ಕೀಲನ್ನು ಬಿಚ್ಚಬೇಕಾಗಿ ಬಂದರೆ ಇನ್ನೊಬ್ಬ ಸರ್ಜನ್ ಮೊದಲು ಕೇಳುವುದೇ ಅದನ್ನು. ಮೊಬೈಲಲ್ಲಿ ಒಂದು ಫೋಟೊ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ.