ಜಂಬಿಟ್ಟಿಗೆಯ ಗಟ್ಟಿಪದರವನ್ನು ನಾನು ಓದುವ ಬಗೆ

ಜಂಬಿಟ್ಟಿಗೆ (ಲ್ಯಾಟರೈಟ್ ಎಂಬ ಕೆಂಪು ಕಲ್ಲು) ನೆಲದಲ್ಲಿ ಕಡಿದ ದರೆ ಸಿಕ್ಕರೆ ನಾನು ಮೊದಲು ನೋಡುವುದು ಬುಡವನ್ನು. ಮೇಲಿನ ಗಟ್ಟಿಪದರದ ಕಬ್ಬಿಣ ಅಲ್ಲೇ ಉಳಿದದ್ದೋ, ನೀರಿನೊಡನೆ ಬೇರೆಡೆಯಿಂದ ಬಂದದ್ದೋ? ಕೆಳಗಿನಿಂದ ಹತ್ತುತ್ತಾ ಹೋದರೇ ಅದು ತಿಳಿಯುವುದು.

ಬುಡದಲ್ಲಿ ಮೂಲಶಿಲೆ. ಅದರ ಮೇಲೆ ಕೊಳೆತ ಶಿಲೆ. ಬೆರಳಲ್ಲಿ ಹಿಸುಕಿದರೆ ಪುಡಿ, ಆದರೂ ಬಿರುಕುಗಳು, ಬೆಣಚುಕಲ್ಲಿನ ಎಳೆಗಳು ಇದ್ದಲ್ಲೇ ಇರುತ್ತವೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾದ ದೊಡ್ಡ ಪಾಲು ಇವನ್ನೆಲ್ಲ ಮಳೆನೀರು ಹೊತ್ತೊಯ್ದಿರುತ್ತದೆ.

ಇನ್ನೂ ಮೇಲೆ ಬಿಳಿ ಜೇಡಿಯೊಳಗೆ ಕೆಂಪು, ಹಳದಿ ಮಚ್ಚೆಗಳ ವಲಯ. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಅಂತರ್ಜಲ ಏರಿ ಆಮ್ಲಜನಕ ತೀರಿದಾಗ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿ ಓಡಾಡುತ್ತದೆ. ನೀರಿಳಿದು ಗಾಳಿಯಾಡಿದಾಗ ಫೆರಿಕ್ ಆಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಳೆಯ ಬೇರಿನ ಕೊಳವೆಯೊಂದನ್ನು ಚಾಕುವಿನಿಂದ ಸೀಳಿ ಲೆನ್ಸ್ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕೊಳವೆಯ ಸುತ್ತ ಬಿಳಿಚಿದ ಜೇಡಿ, ಅದರಾಚೆ ಕಡುಗೆಂಪು ಅಂಚು. ಬೇರು ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಕರಗಿದ ಕಬ್ಬಿಣ ಹೊರಕ್ಕೆ ಸರಿದು ಗಾಳಿ ಸಿಕ್ಕ ಕಡೆ ನಿಂತಿದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ನೋಟ ಇದು.

ಮಚ್ಚೆಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡರೆ ಗಟ್ಟಿಪದರ. ಒದ್ದೆಯಿದ್ದಾಗ ಕಡಿಯಲು ಮೆದು, ಗಾಳಿಗೊಡ್ಡಿದರೆ ಇಟ್ಟಿಗೆಯಂತೆ ಗಟ್ಟಿ: ಮಲಬಾರಿನ ಅಂಗಡಿಪುರಂನಲ್ಲಿ ಕಂಡ ಈ ಗುಣವನ್ನು ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲೇ ಬರೆದಿದ್ದ. ಗಟ್ಟಿಪದರದೊಳಗಿನ ಕಬ್ಬಿಣದ ಕಾಳುಗಳನ್ನು ಒಡೆದು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಅವುಗಳಲ್ಲಿರುವ ಕಬ್ಬಿಣದ ಖನಿಜ ಯಾವುದೆಂದು ತಿಳಿಯುತ್ತದೆ: ಹೆಮಟೈಟ್ ಕೆಂಪು ಗೆರೆ ಬಿಡುತ್ತದೆ, ಗೊಥೈಟ್ ಹಳದಿಗಂದು.

ಇನ್ನು ಮೊದಲಿನ ಪ್ರಶ್ನೆ. ಕೆಳಗೆ ಕಂಡ ಬೆಣಚುಕಲ್ಲಿನ ಎಳೆ ಮುರಿದು ಚೂರಾದರೂ ಗಟ್ಟಿಪದರದೊಳಗೆ ಅದೇ ಜಾಡಿನಲ್ಲಿ ಮುಂದುವರಿದರೆ ಪದರ ಅಲ್ಲೇ ಹುಟ್ಟಿದ್ದು. ಎಳೆ ಥಟ್ಟನೆ ಕಡಿದು, ಮೇಲೆ ನುಣುಪಾದ ಬೇರೆ ಕಲ್ಲಿನ ಹರಳುಗಳು ಕಬ್ಬಿಣದಿಂದ ಬೆಸೆದುಕೊಂಡಿದ್ದರೆ ಅದು ಹಳೆಯ ಕಣಿವೆಯ ತಳ. ಸುತ್ತಲಿನ ಇಳಿಜಾರುಗಳಿಂದ ಬಸಿದ ಕಬ್ಬಿಣ ಅಲ್ಲಿ ಸೇರಿ ಗಟ್ಟಿಯಾಗಿರುತ್ತದೆ. ಆಮೇಲೆ ಅಕ್ಕಪಕ್ಕದ ಮೆದು ನೆಲ ಸವೆದು ಹೋಗಿ ಕಣಿವೆಯ ತಳವೇ ಗುಡ್ಡದ ನೆತ್ತಿಯಾಗಿರುತ್ತದೆ. ಅಂಥ ಕಡೆ ಗಟ್ಟಿಪದರದ ಕಬ್ಬಿಣವನ್ನು ನೇರ ಕೆಳಗಿನ ಶಿಲೆಯ ಕಬ್ಬಿಣದೊಂದಿಗೆ ಹೋಲಿಸಿ ಲೆಕ್ಕ ಹಾಕಲು ನಾನು ಹೋಗುವುದಿಲ್ಲ. ಕಬ್ಬಿಣ ಕೊಟ್ಟ ಇಳಿಜಾರುಗಳು ಈಗ ಅಲ್ಲಿಲ್ಲ.